ಪೇಪರ್ ಅಂಟಲಿಲ್ಲ

2025 ಸೆಪ್ಟೆಂಬರ್ 6, ಶನಿವಾರ. ಬದಿಯಡ್ಕ, ಕಾಸರಗೋಡು ಜಿಲ್ಲೆ.

ನಿನ್ನೆ ತಿರುವೋಣಂ. ಇವತ್ತು ಹುಡುಗ ಕೆಲಸಕ್ಕೆ ಬರಲಿಲ್ಲ. ಬರುತ್ತಾನೆ ಅಂತ ನಾನೂ ಅಂದುಕೊಂಡಿರಲಿಲ್ಲ. ಗ್ಯಾರೇಜಿನ ಶಟರ್ ಅರ್ಧ ಎತ್ತಿ ಸ್ಪ್ಯಾನರ್ ಜೋಡಿಸುತ್ತಾ ಸುಮ್ನೆ ಕೂತಿದ್ದೆ. ಹತ್ತು ಗಂಟೆಗೆ ಮಾಷ್ಟ್ರ ಕಾರು ಬಂತು.

ಮಾಷ್ಟ್ರು ಕನ್ನಡ ಶಾಲೆಯಲ್ಲಿ ನನಗೆ ಗಣಿತ ಕಲಿಸಿದವರು. ಈಗ ರಿಟೈರ್ಡ್. ಕಾರು ಮಗನದ್ದು. ಅವನಿರುವುದು ದುಬೈಯಲ್ಲಿ, ಸೆಕೆಂಡ್‌ಹ್ಯಾಂಡ್ ತೆಗೆದು ಅಪ್ಪನ ಕೈಗೆ ಕೊಟ್ಟು ಹೋಗಿದ್ದಾನೆ. ಟರ್ಬೊ ಪೆಟ್ರೋಲ್, ದೊಡ್ಡ ಗಾಡಿ. ಕಂಪೆನಿ ಹೆಸರು ಬೇಡ.

"ಹೀಟ್ ಆಗ್ತದೆ ಮಾರಾಯ. ಎರಡು ತಿಂಗಳಲ್ಲಿ ಥರ್ಮೋಸ್ಟಾಟ್ ಹೊಸತು, ಕೂಲೆಂಟ್ ಹೊಸತು, ವಾಟರ್ ಪಂಪೂ ಹೊಸತು. ಇನ್ನು ಎಂಜಿನ್ನಿನ ಹೆಡ್ ಬಿಚ್ಚಬೇಕಂತೆ. ನಲವತ್ತು ಸಾವಿರ ಹೇಳಿದ್ದಾರೆ."

"ಹೀಟ್ ಆಗುವುದು ನಿಂತಾಗಲೋ ಓಡುವಾಗಲೋ?"

ಮಾಷ್ಟ್ರು ಸ್ವಲ್ಪ ಯೋಚನೆ ಮಾಡಿದರು. ಇದನ್ನು ಅವರಲ್ಲಿ ಇಷ್ಟರವರೆಗೆ ಯಾರೂ ಕೇಳಿರಲಿಲ್ಲ.

"ಪೇಟೆಯ ಬ್ಲಾಕಿನಲ್ಲಿ ಮುಳ್ಳು ಸ್ವಲ್ಪ ಮೇಲೆ ಹೋಗಿ ಅಲ್ಲೇ ನಿಲ್ತದೆ. ಪೆರ್ಲದ ಕಡೆ ಏರು ಹತ್ತುವಾಗ ಮಾತ್ರ ಕೆಂಪಿನ ಹತ್ತಿರ ಬರ್ತದೆ. ಹೈವೇಯಲ್ಲಿ ಎಂಬತ್ತು ದಾಟಿದ್ರೂ ಹಾಗೇ. ಎಸಿಯೂ ಆಗ ತಂಪಿಲ್ಲ."

ಎಸಿಯ ಮಾತು ಕೇಳಿದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಫ್ಯಾನ್ ಕೆಟ್ಟರೆ ನಿಂತಲ್ಲಿ ಹೀಟ್ ಆಗುತ್ತದೆ, ಓಡಿದರೆ ಗಾಳಿ ಸಿಕ್ಕಿ ಇಳಿಯುತ್ತದೆ. ಇಲ್ಲಿ ಉಲ್ಟಾ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೂ ಓಡುವಾಗ ಹೀಟ್ ಆಗಬಹುದು, ಆದರೆ ಎಸಿ ಯಾಕೆ ಸೋಲಬೇಕು? ಎಂಜಿನ್ನಿನ ನೀರು ಬೇರೆ, ಎಸಿಯ ಗ್ಯಾಸ್ ಬೇರೆ. ಎರಡಕ್ಕೂ ಸೇರಿ ಇರುವುದು ಒಂದೇ, ಮುಂದಿನಿಂದ ಬರುವ ಗಾಳಿ. ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿನ ಎದುರಿಗೇ ಎಸಿಯ ಗ್ಯಾಸ್ ತಣಿಸುವ ಕಂಡೆನ್ಸರ್ ಇರುತ್ತದೆ. ಆ ಗಾಳಿ ನಿಂತರೆ ಎರಡೂ ಸೋಲುತ್ತವೆ.

ಎಂಜಿನ್ ತಣಿಯಲಿ ಅಂತ ಚಹಾ ತರಿಸಿದೆ. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವವನು ನಾನಲ್ಲ. ಒಮ್ಮೆ ಹಾಕಿದ ಗುರುತು ಮೊಣಕೈಯಲ್ಲಿ ಇನ್ನೂ ಉಂಟು. ತಣಿದ ಮೇಲೆ ನೋಡಿದರೆ ಕೂಲೆಂಟ್ ಸರಿ ಇದೆ, ಗುಳ್ಳೆ ಇಲ್ಲ, ಎಣ್ಣೆಯಲ್ಲಿ ನೀರು ಸೇರಿಲ್ಲ. ಹೆಡ್ಡಿನ ಅಡಿಯ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋದ ಲಕ್ಷಣ ಒಂದೂ ಇಲ್ಲ.

ಸ್ಟಾರ್ಟ್ ಮಾಡಿ ಎಸಿ ಹಾಕಿದೆ. ಫ್ಯಾನ್ ಜೋರು ಬೊಬ್ಬೆ ಹೊಡೆಯಿತು. ಒಂದು ಹಳೆ ಪೇಪರಿನ ಹಾಳೆ ತೆಗೆದು ಗ್ರಿಲ್ಲಿನ ಎದುರು ಹಿಡಿದು ಬಿಟ್ಟೆ. ಅಷ್ಟು ಜೋರಾಗಿ ಫ್ಯಾನ್ ಎಳೆಯುವಾಗ ಅದು ಗ್ರಿಲ್ಲಿಗೆ ಪಟ್ಟಂತ ಅಂಟಬೇಕು. ಅಂಟಲಿಲ್ಲ. ಜಾರಿ ಮಾಷ್ಟ್ರ ಚಪ್ಪಲಿಯ ಮೇಲೆ ಬಿತ್ತು.

ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ059ಎಫ್. ಗ್ರಿಲ್ ಶಟರ್, ಅಂದರೆ ಗ್ರಿಲ್ಲಿನ ಹಿಂದೆ ಗಾಳಿಗೆ ತೆರೆದು ಮುಚ್ಚುವ ರೆಕ್ಕೆಗಳ ಸಾಲು, ಹೇಳಿದ ಮಾತು ಕೇಳುತ್ತಿಲ್ಲ ಅಂತ ಅರ್ಥ. ಹಿಂದಿನ ವರ್ಕ್‌ಶಾಪಿನವರೂ ಈ ಕೋಡ್ ನೋಡಿದ್ದರಂತೆ. ಮೂರು ಸಲ ಅಳಿಸಿ ಕಳಿಸಿದ್ದಾರೆ. "ಅದು ಮೈಲೇಜಿಗೆ ಇರುವುದು, ಹೀಟಿಗೂ ಅದಕ್ಕೂ ಸಂಬಂಧ ಇಲ್ಲ" ಅಂದರಂತೆ. ನಾನು ಏನೂ ಹೇಳಲಿಲ್ಲ. ಈ ಶಟರನ್ನು ನಾನೂ ಕೈಯಾರೆ ಬಿಚ್ಚಿದ್ದು ಇದಕ್ಕೆ ಮೊದಲು ಒಂದೇ ಸಲ.

"ಕಾರಿಗೂ ಶಟರಾ?" ಅಂತ ಮಾಷ್ಟ್ರು ಕೇಳಿದರು. ನನ್ನ ಅಪ್ಪ ಜೀಪಿನಲ್ಲಿ ಬಾಡಿಗೆಗೆ ಮಡಿಕೇರಿಗೆ ಹೋಗುವಾಗ ಚಳಿಗೆ ರೇಡಿಯೇಟರಿನ ಎದುರು ಒಂದು ರಟ್ಟು ಕಟ್ಟುತ್ತಿದ್ದರು. ಎಂಜಿನ್ ಬೇಗ ಬಿಸಿಯಾಗಲಿ ಅಂತ. ಇಳಿದು ಬರುವಾಗ ಸುಳ್ಯದಲ್ಲಿ ಬಿಚ್ಚಿ ಸೀಟಿನ ಅಡಿಗೆ ಹಾಕುತ್ತಿದ್ದರು. ಇದೂ ಅದೇ ರಟ್ಟು, ಕಟ್ಟುವುದು ಬಿಚ್ಚುವುದು ಮಾತ್ರ ಮೋಟಾರಿನ ಕೆಲಸ. ಎಂಜಿನ್ ತಣ್ಣಗಿದ್ದರೆ ಮುಚ್ಚುತ್ತದೆ. ವೇಗದಲ್ಲಿ ಹೋಗುವಾಗ ಮುಚ್ಚಿದರೆ ಗಾಳಿಯ ತಡೆ ಕಡಿಮೆಯಾಗಿ ಪೆಟ್ರೋಲ್ ಸ್ವಲ್ಪ ಉಳಿಯುತ್ತದೆ. ಬಿಸಿ ಏರಿದರೆ, ಎಸಿಯ ಪ್ರೆಶರ್ ಏರಿದರೆ, ಕಂಪ್ಯೂಟರ್ ತೆರೆಯಲು ಹೇಳುತ್ತದೆ. ಕೆಟ್ಟರೆ ತೆರೆದೇ ಇರಲಿ ಅಂತಲೇ ಜಾಸ್ತಿ ಕಂಪೆನಿಗಳು ಮಾಡಿರುತ್ತಾರೆ. ಆದರೆ ರೆಕ್ಕೆಯೇ ಸಿಕ್ಕಿಕೊಂಡರೆ ಯಾವ ಕಂಪ್ಯೂಟರ್ ಏನು ಮಾಡುತ್ತದೆ?

ಬಂಪರ್ ಬಿಚ್ಚಲು ಇಬ್ಬರು ಬೇಕು. ಹುಡುಗನಿಲ್ಲ. ಮಾಷ್ಟ್ರು ಪಂಚೆ ಎತ್ತಿ ಕಟ್ಟಿ ಒಂದು ತುದಿ ಹಿಡಿದರು. ಸ್ಲೇಟು ಹಿಡಿದು ಇವರ ಎದುರು ನಡುಗುತ್ತಿದ್ದವನು ಈಗ "ಸ್ವಲ್ಪ ಮೇಲೆ, ಇನ್ನೂ ಮೇಲೆ" ಅಂತ ಹೇಳುತ್ತಿದ್ದೆ. ಬಂಪರನ್ನು ಗೋಣಿಯ ಮೇಲೆ ಮಲಗಿಸಿದೆವು.

ಒಳಗೆ ಕೆಂಪೋ ಕೆಂಪು. ಶಟರಿನ ಕಪ್ಪು ರೆಕ್ಕೆಗಳು ಅಡ್ಡಡ್ಡ ಪೂರ್ತಿ ಮುಚ್ಚಿವೆ. ಪ್ರತಿ ರೆಕ್ಕೆಯ ತುದಿ ಕೂತು ತಿರುಗುವ ಗುಂಡಿಯಲ್ಲಿ ಮುರಕಲ್ಲಿನ ಕೆಂಪು ಮಣ್ಣು ಸಿಮೆಂಟಿನ ಹಾಗೆ ಗಟ್ಟಿಯಾಗಿದೆ. ಮಾಷ್ಟ್ರು ವಾರಕ್ಕೊಮ್ಮೆ ಮಂಗಳೂರಿಗೆ ಹೋಗುವವರು. ಷಟ್ಪಥದ ಕೆಲಸ ಆಗುವಾಗ ಕುಂಬಳೆಯಿಂದ ತಲಪಾಡಿಯವರೆಗೆ ಮಳೆಗಾಲದಲ್ಲಿ ಆ ರಸ್ತೆ ಹೇಗಿತ್ತು ಅಂತ ಹೋದವರಿಗೆ ಗೊತ್ತು. ಎದುರಿನ ಲಾರಿ ಎರಚಿದ ಕೆಸರು ಸೀದಾ ಗ್ರಿಲ್ಲಿನೊಳಗೆ. ಆಮೇಲೆ ಎಂಜಿನ್ನಿನ ಬಿಸಿಗೆ ಒಣಗುತ್ತದೆ. ಮೋಟಾರ್ ಎಳೆದೂ ಎಳೆದೂ ರೆಕ್ಕೆಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಡ್ಡಿ ತುಂಡಾಗಿತ್ತು. ಮೋಟಾರ್ ಮಾತ್ರ ಸರಿ ಇದೆ. ಕೀ ಆನ್ ಮಾಡಿದಾಗ ಪಾಪ, ಟರ್ರ್ ಅಂತ ತಿರುಗಿ ನಿಂತಿತು.

ನೀರು ಬಿಟ್ಟು, ಹಳೆ ಟೂತ್‌ಬ್ರಶ್ಶಿನಲ್ಲಿ ಒಂದೊಂದೇ ತಿಕ್ಕಿದೆ. ಮುಕ್ಕಾಲು ಗಂಟೆ ಹಿಡಿಯಿತು. ಗ್ರೀಸ್ ಹಾಕಲಿಲ್ಲ. ಹಾಕಿದರೆ ಮುಂದಿನ ಮಳೆಗೆ ಇನ್ನೂ ಜಾಸ್ತಿ ಮಣ್ಣು ಹಿಡಿಯುತ್ತದೆ. ಕಡ್ಡಿ ಬಿಡಿಯಾಗಿ ಸಿಗುವುದಿಲ್ಲ, ಇಡೀ ಅಸೆಂಬ್ಲಿಯೇ ತರಬೇಕು. ಅದು ಬರುವವರೆಗೆ ರೆಕ್ಕೆಗಳನ್ನು ತೆರೆದಿಟ್ಟು ಕೇಬಲ್ ಟೈ ಬಿಗಿದೆ. ಮೀಟರಿನಲ್ಲಿ ಲೈಟ್ ಉರಿಯುತ್ತದೆ, ಉರಿಯಲಿ. ನಮ್ಮ ಸೆಕೆಗೆ ಶಟರ್ ತೆರೆದಿದ್ದರೆ ನಷ್ಟ ಏನಿದ್ದರೂ ಸ್ವಲ್ಪ ಮೈಲೇಜು, ಅಷ್ಟೇ.

ಸ್ಕ್ಯಾನರ್ ಹಾಕಿಕೊಂಡೇ ಪೆರ್ಲದ ಕಡೆ ಹೊರಟೆವು. ಎಸಿ ಫುಲ್. ಏರು ಹತ್ತಿ ಮುಗಿಯುವಾಗ 97 ಡಿಗ್ರಿ, ಇಳಿಯುವಾಗ 92. ಫ್ಯಾನಿನ ಬೊಬ್ಬೆ ಇಲ್ಲ. ಮಾಷ್ಟ್ರು ಎಸಿ ಸ್ವಲ್ಪ ಕಡಿಮೆ ಮಾಡು ಅಂದರು, ಚಳಿಯಂತೆ.

ವಾಪಸ್ ಬಂದ ಮೇಲೆ ಅವರೇ ಆ ಪೇಪರ್ ಹೆಕ್ಕಿ ಗ್ರಿಲ್ಲಿನ ಎದುರು ಹಿಡಿದರು. ಪಟ್ಟಂತ ಅಂಟಿತು. ತೆಗೆದು ಇನ್ನೊಮ್ಮೆ ಹಿಡಿದರು. ಮಂಗಳೂರಿನ ಅಂಗಡಿಗೆ ಫೋನ್ ಮಾಡಿದ್ದೇನೆ, ಅಸೆಂಬ್ಲಿಯ ರೇಟು ಸೋಮವಾರ ಹೇಳುತ್ತಾರಂತೆ.