ಮತವಿಲ್ಲದವರ ಜಾತ್ರೆ

2008ರ ಜುಲೈ 22ರ ರಾತ್ರಿ ತಿಪಟೂರಿನಿಂದ ಅಪ್ಪ ಫೋನು ಮಾಡಿದ್ದು ಲೋಕಸಭೆಯಲ್ಲಿ ಬಿಜೆಪಿ ಸಂಸದರು ಲಂಚದ ಹಣವೆಂದು ನೋಟಿನ ಕಂತೆಗಳನ್ನು ಎತ್ತಿ ತೋರಿಸಿದ ಸುದ್ದಿ ಹೇಳುವುದಕ್ಕೆ. ಅಮೆರಿಕದೊಂದಿಗಿನ ಅಣು ಒಪ್ಪಂದದ ವಿಷಯದಲ್ಲಿ ಬಿಕ್ಕಟ್ಟಿಗೆ ಸಿಕ್ಕಿದ್ದ ಮನಮೋಹನ್ ಸಿಂಗ್ ಸರ್ಕಾರ ಅಂದು ವಿಶ್ವಾಸಮತದಲ್ಲಿ 275 ಮತ ಪಡೆದು, ವಿರುದ್ಧ ಬಿದ್ದ 256ನ್ನು ದಾಟಿ ಉಳಿದುಕೊಂಡಿತ್ತು. ಮಾತಿನ ಕೊನೆಗೆ ನಾನು, ನಾಡಿದ್ದು ಬರ್ಲಿನ್ನಿಗೆ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಲ್ಲಲಿರುವ ಬರಾಕ್ ಒಬಾಮ ಬರುತ್ತಾರೆ, ಭಾಷಣ ಕೇಳಲು ಹೋಗುತ್ತಿದ್ದೇನೆ ಎಂದೆ.

"ಅಲ್ಲಿಯವರು ಅವರಿಗೆ ಓಟು ಹಾಕ್ತಾರಾ?"

"ಇಲ್ಲಪ್ಪ."

"ನಿಂಗೆ ಓಟಿದೆಯಾ?"

"ನಂಗೆಲ್ಲಿಂದ ಬರುತ್ತೆ?"

"ಹಂಗಾದ್ರೆ ಬರೋರಿಗೂ ಕೆಲಸ ಇಲ್ಲ, ಹೋಗೋರಿಗೂ ಇಲ್ಲ ಅನ್ನು" ಎಂದು ನಕ್ಕು ಫೋನಿಟ್ಟರು. ಮೇಷ್ಟರಾಗಿದ್ದಷ್ಟು ಕಾಲವೂ ಚುನಾವಣೆ ಡ್ಯೂಟಿಗೆ ಹೋಗಿ ಮತಪೆಟ್ಟಿಗೆ ಕಾದವರು ಅವರು. ಯಾವುದೇ ರಾಜಕೀಯ ಸಭೆಯನ್ನು ಕಂಡರೂ ಅವರ ಲೆಕ್ಕ ಮೊದಲು ಅಲ್ಲಿರುವ ಮತಗಳ ಕಡೆಗೇ ಹೋಗುತ್ತದೆ.

ತಮಾಷೆಯ ಮಾತಾದರೂ ಅದು ಸ್ವಲ್ಪ ಚುಚ್ಚಿತು. ಅದೇ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಗೆ ಮೂರು ಹಂತಗಳಲ್ಲಿ ಚುನಾವಣೆ ನಡೆದಿತ್ತು. ಬರ್ಲಿನ್ನಿನಲ್ಲಿ ಸಂಶೋಧನೆ ಮಾಡಿಕೊಂಡಿದ್ದ ನಾನು ಅದರ ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ನೋಡಿದ್ದೆ, ಅಷ್ಟೆ. ಹೊರದೇಶದಲ್ಲಿ ನೆಲೆಸಿದ ಭಾರತೀಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಅವಕಾಶ ಕೊಟ್ಟ ತಿದ್ದುಪಡಿ ಬಂದದ್ದು 2010ರಲ್ಲಿ, ಅದೂ ಊರಿಗೇ ಬಂದು ಸರದಿಯಲ್ಲಿ ನಿಂತು ಹಾಕಬೇಕೆಂಬ ಕಟ್ಟಿನೊಂದಿಗೆ. ಜರ್ಮನಿಯಲ್ಲಿ ನಾನು ವೀಸಾದ ಮೇಲೆ ಬದುಕುತ್ತಿದ್ದ ಪರದೇಶಿ. ಅಮೆರಿಕವನ್ನಂತೂ ಕಂಡೇ ಇರಲಿಲ್ಲ. ಆದರೂ ಆ ಬೇಸಿಗೆಯಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಊಟದ ಹೊತ್ತಿಗೆ ನಡೆಯುತ್ತಿದ್ದ ಚರ್ಚೆಯನ್ನು ಕೇಳಿದವರು, ಅಯೋವಾ, ಒಹಾಯೊಗಳೆಲ್ಲ ಬರ್ಲಿನ್ನಿನ ಬಡಾವಣೆಗಳು ಎಂದು ತಿಳಿದುಕೊಳ್ಳಬಹುದಿತ್ತು.

ನಿಜ ಹೇಳಬೇಕೆಂದರೆ ಒಬಾಮ ಆಗಿನ್ನೂ ಪೂರ್ತಿ ಅಭ್ಯರ್ಥಿಯೂ ಆಗಿರಲಿಲ್ಲ. ಹಿಲರಿ ಕ್ಲಿಂಟನ್ ಜೂನ್ ತಿಂಗಳಲ್ಲಿ ಹಿಂದೆ ಸರಿದಿದ್ದರು, ಆದರೆ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಆಗಸ್ಟ್ ಕೊನೆಯಲ್ಲಿ ಡೆನ್ವರಿನಲ್ಲಿ ನಡೆಯಬೇಕಿತ್ತು. ವಿದೇಶಾಂಗ ವ್ಯವಹಾರದಲ್ಲಿ ಇವರಿಗೆ ಅನುಭವವಿಲ್ಲ, 2006ರ ನಂತರ ಇರಾಕಿಗೆ ಕಾಲೇ ಇಟ್ಟಿಲ್ಲ ಎಂದು ಎದುರಾಳಿ ಜಾನ್ ಮೆಕೇನ್ ಮತ್ತೆ ಮತ್ತೆ ಕೆಣಕುತ್ತಿದ್ದರು. ಅದಕ್ಕೆ ಉತ್ತರವಾಗಿಯೇ ಈ ಪ್ರವಾಸ ಹೊರಟಿತ್ತು: ಕುವೈತ್, ಅಫ್ಘಾನಿಸ್ತಾನ, ಇರಾಕ್, ಜೋರ್ಡನ್, ಇಸ್ರೇಲ್, ರಾಮಲ್ಲಾ, ಬರ್ಲಿನ್, ಪ್ಯಾರಿಸ್, ಲಂಡನ್. ಬಯಲಿನಲ್ಲಿ ಜನರ ಮುಂದೆ ಭಾಷಣವಿದ್ದದ್ದು ಬರ್ಲಿನ್ನಿನಲ್ಲಿ ಮಾತ್ರ.

ಅದು ಎಲ್ಲಿ ನಡೆಯಬೇಕು ಎಂಬುದರ ಮೇಲೆ ಎರಡು ವಾರ ಜಗಳವಾಯಿತು. ಒಬಾಮರ ಕಡೆಯವರಿಗೆ ಬ್ರಾಂಡೆನ್‌ಬುರ್ಗ್ ದ್ವಾರವೇ ಬೇಕಿತ್ತು. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಬರ್ಲಿನ್ ಗೋಡೆ ಕೆಡವಿ ಎಂದು ಸೋವಿಯತ್ ನಾಯಕ ಗೊರ್ಬಚೆವ್‌ರಿಗೆ ಸವಾಲು ಹಾಕಿದ್ದು ಅಲ್ಲಿಯೇ. ನಗರದ ಮೇಯರ್ ಕ್ಲೌಸ್ ವೋವರೈಟ್ ಆಗಲಿ ಎಂದರು. ಚಾನ್ಸಲರ್ ಅಂಗೇಲಾ ಮೆರ್ಕೆಲ್ ಮಾತ್ರ, ಇನ್ನೂ ಆಯ್ಕೆಯಾಗದವರ ಚುನಾವಣಾ ಪ್ರಚಾರಕ್ಕೆ ಆ ಜಾಗ ಸರಿಯಲ್ಲ ಎಂಬ ಅಸಮಾಧಾನವನ್ನು ವಕ್ತಾರರ ಮೂಲಕ ಹೊರಗೆಡಹಿದರು. ಕೊನೆಗೆ ಆ ದ್ವಾರದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯ ನಡುವಿನಲ್ಲಿರುವ ವಿಜಯಸ್ತಂಭ ಗೊತ್ತಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಷ್ಯಾ ದೇಶವು ಡೆನ್ಮಾರ್ಕ್, ಆಸ್ಟ್ರಿಯಾ, ಫ್ರಾನ್ಸ್‌ಗಳನ್ನು ಸೋಲಿಸಿದ ನೆನಪಿಗೆ, ಶತ್ರುಗಳಿಂದ ಕಿತ್ತುಕೊಂಡ ಫಿರಂಗಿ ನಳಿಗೆಗಳಿಗೆ ಚಿನ್ನದ ಲೇಪ ಹಾಕಿ ಅಲಂಕರಿಸಿದ ಕಂಬ ಅದು. ಸಂಸತ್ತಿನ ಮುಂದಿದ್ದ ಅದನ್ನು ಹಿಟ್ಲರನ ಕಾಲದಲ್ಲಿ ಕಿತ್ತು ಈಗಿನ ಜಾಗಕ್ಕೆ ತಂದು ನಿಲ್ಲಿಸಿದ್ದರು. ಶಾಂತಿ, ಸಹಕಾರಗಳ ಭಾಷಣಕ್ಕೆ ಇದಕ್ಕಿಂತ ವಿಚಿತ್ರವಾದ ಹಿನ್ನೆಲೆಯನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಅವರಿಗೆ ಆ ದ್ವಾರ ಸಿಕ್ಕಿದ್ದು 2013ರ ಜೂನ್‌ನಲ್ಲಿ, ಅಧ್ಯಕ್ಷರಾಗಿ ಬಂದಾಗ. ಆಹ್ವಾನ ಪಡೆದ ಕೆಲವು ಸಾವಿರ ಜನರ ಮುಂದೆ, ಗುಂಡು ನಿರೋಧಕ ಗಾಜಿನ ಹಿಂದೆ ನಿಂತು ಮಾತನಾಡಿದರು. ಆ ಹೊತ್ತಿಗೆ ಅಮೆರಿಕದ ಗೂಢಚರ್ಯೆಯ ಕಡತಗಳು ಹೊರಬಿದ್ದಿದ್ದವು. "ಈ ಸಲ ನಾವು ಹೋಗಬೇಕಾಗಿಲ್ಲ, ನಮ್ಮ ಮಾತನ್ನು ಅವರು ಇದ್ದಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದಾರೆ" ಎಂದು ನನ್ನ ಜರ್ಮನ್ ಗೆಳೆಯ ಬರೆದಿದ್ದ.

ಈ ಗೆಳೆಯನೇ 2008ರ ಜುಲೈ 24ರಂದು ನನ್ನ ಜೊತೆಗಿದ್ದವನು. ನಾವು ಕೆಲಸ ಮಾಡುತ್ತಿದ್ದ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಅದೇ ರಸ್ತೆಯ ಪಶ್ಚಿಮ ಭಾಗದಲ್ಲಿ. ನೇರ ನಡೆದರೆ ಅರ್ಧ ಗಂಟೆಯೊಳಗೆ ಸ್ತಂಭ ಮುಟ್ಟಬಹುದು. ಆದರೆ ಆ ಕಡೆ ವೇದಿಕೆಯ ಬೆನ್ನಾಗಿದ್ದುದರಿಂದ ಪೊಲೀಸರು ಬಿಡಲಿಲ್ಲ. ಟೀರ್‌ಗಾರ್ಟನ್ ಉದ್ಯಾನದ ಮರಗಳ ನಡುವೆ ಸುತ್ತು ಹಾಕಿ, ತಪಾಸಣೆಯ ಸಾಲಿನಲ್ಲಿ ನಿಂತು, ನಾವು ಒಳಗೆ ಸೇರುವಷ್ಟರಲ್ಲಿ ಆರು ದಾಟಿತ್ತು. ಭಿತ್ತಿಫಲಕ, ಬ್ಯಾನರುಗಳನ್ನು ತರುವಂತಿರಲಿಲ್ಲ. ಸಂಗೀತ ನಡೆಯುತ್ತಿತ್ತು. ರಸ್ತೆಯುದ್ದಕ್ಕೂ ಬಿಯರಿನ ಅಂಗಡಿಗಳು, ಸುಟ್ಟ ಸಾಸೇಜಿನ ಹೊಗೆ; ತಿಂಗಳ ಹಿಂದೆ ಯುರೋಪಿಯನ್ ಫುಟ್‌ಬಾಲ್ ಪಂದ್ಯಗಳನ್ನು ದೊಡ್ಡ ಪರದೆಯಲ್ಲಿ ತೋರಿಸುವಾಗ ಇದೇ ರಸ್ತೆಯಲ್ಲಿ ಕಂಡಿದ್ದ ಜಾತ್ರೆಯೇ ಮತ್ತೆ ನೆರೆದ ಹಾಗಿತ್ತು. ಚುನಾವಣಾ ಸಭೆ ಎಂದರೆ ಲಾರಿಗಳಲ್ಲಿ ಬಂದಿಳಿಯುವ ಜನ, ಹಂಚುವ ಚಿತ್ರಾನ್ನದ ಪೊಟ್ಟಣ, ಎರಡು ಗಂಟೆ ತಡವಾಗಿ ಬರುವ ನಾಯಕರು ಎಂದು ತಿಳಿದು ಬೆಳೆದ ನನಗೆ, ಸ್ವಂತ ದುಡ್ಡಿನಲ್ಲಿ ಟಿಕೆಟು ಕೊಂಡು ರೈಲಿನಲ್ಲಿ ಬಂದು, ಸ್ವಂತ ದುಡ್ಡಿನಲ್ಲಿ ಬಿಯರು ಕುಡಿಯುತ್ತ ಪರದೇಶದ ರಾಜಕಾರಣಿಗಾಗಿ ಕಾಯುತ್ತಿದ್ದ ಈ ಜನರನ್ನು ಕಂಡು ಮೆಚ್ಚುಗೆಯೋ ಕನಿಕರವೋ ಹೇಳಲಾಗದ ಭಾವನೆ ಬಂತು.

ಕೈಯಲ್ಲಿ ಅರ್ಜಿಗಳನ್ನು ಹಿಡಿದ ಯುವತಿಯೊಬ್ಬಳು ಗುಂಪಿನಲ್ಲಿ ಓಡಾಡುತ್ತಿದ್ದಳು. ಜರ್ಮನಿಯಲ್ಲಿ ನೆಲೆಸಿರುವ ಅಮೆರಿಕನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಸ್ವಯಂಸೇವಕಿ ಆಕೆ. "ನೀವು ಅಮೆರಿಕದ ಪ್ರಜೆಯೇ?" ಎಂದು ನನ್ನನ್ನು ಕೇಳಿದಳು, ಅಲ್ಲ. ಗೆಳೆಯನನ್ನು ಕೇಳಿದಳು, ಅಲ್ಲ. ನಮ್ಮ ಹಿಂದಿದ್ದ ತುರ್ಕಿ ಮೂಲದ ಕುಟುಂಬ, ಪಕ್ಕದ ಶಾಲಾ ಹುಡುಗರು, ಸೈಕಲ್ಲಿನ ಹೆಲ್ಮೆಟ್ಟನ್ನು ತಲೆಯಿಂದ ತೆಗೆಯದೆಯೇ ನಿಂತಿದ್ದ ಮುದುಕರು, ಯಾರೂ ಅಲ್ಲ. ಕಣ್ಣಿಗೆ ಮರೆಯಾಗುವವರೆಗೂ ಆಕೆಗೆ ಒಂದು ಅರ್ಜಿಯೂ ಖರ್ಚಾಗಲಿಲ್ಲ. ಅಪ್ಪ ನೆನಪಾದರು.

ಗೆಳೆಯ ಸುತ್ತ ನೋಡುತ್ತ, "ಇಲ್ಲಿ ಅಮೆರಿಕದ ಬಾವುಟ ಹಿಡಿದವರನ್ನು ನಾನು ಕಂಡದ್ದು ಇದೇ ಮೊದಲು" ಎಂದ. 2003ರ ಫೆಬ್ರುವರಿ 15ರಂದು, ಇರಾಕ್ ಯುದ್ಧ ಶುರುವಾಗುವ ಮುನ್ನ, ಇದೇ ರಸ್ತೆಯಲ್ಲಿ ಐದು ಲಕ್ಷ ಜನ ಸೇರಿ ಯುದ್ಧ ಬೇಡವೆಂದಿದ್ದರು. ಅವರಲ್ಲಿ ಅವನೂ ಒಬ್ಬ. ಅಂದು ಯಾರೂ ಕೇಳಲಿಲ್ಲ, ಇಂದು ಅದನ್ನೇ ಹೇಳುವ ಒಬ್ಬ ಅಮೆರಿಕನ್ ತಾನಾಗಿ ಮನೆ ಬಾಗಿಲಿಗೆ ಬಂದಿದ್ದಾನೆ ಎಂಬುದು ಅವನ ವಿವರಣೆ. ಆ ಸಂಜೆಯ ಗುಂಪಿನ ಬಗ್ಗೆ ಆಮೇಲೆ ನಾನು ಓದಿದ ಎಷ್ಟೋ ವಿಶ್ಲೇಷಣೆಗಳಿಗಿಂತ ಇದು ಹೆಚ್ಚು ಸರಿಯೆನಿಸುತ್ತದೆ. ಒಬಾಮರನ್ನು ಮೆಚ್ಚುವುದಕ್ಕಿಂತ ಹೆಚ್ಚಾಗಿ, ಅಮೆರಿಕವನ್ನು ಮತ್ತೆ ಮೆಚ್ಚಲು ಒಂದು ನೆಪ ಬೇಕಾದವರು ಅಲ್ಲಿ ಸೇರಿದ್ದರು.

ಏಳು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಅವರು ನೀಲಿ ನೆಲಹಾಸಿನ ಮೇಲೆ ಒಬ್ಬರೇ ನಡೆದುಕೊಂಡು ಬಂದರು. ಪಶ್ಚಿಮದ ಸೂರ್ಯ ನಮ್ಮ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ನಿಜವಾದ ಒಬಾಮ ನನಗೆ ಕಾಣಿಸಲಿಲ್ಲ. ದೀಪದ ಕಂಬಕ್ಕೆ ಒರಗಿ ಪರದೆಯ ಒಬಾಮರನ್ನೇ ನೋಡಿದೆ. ತಾನು ಅಭ್ಯರ್ಥಿಯಾಗಿ ಬಂದಿಲ್ಲ, ಅಮೆರಿಕದ ಹೆಮ್ಮೆಯ ಪ್ರಜೆಯಾಗಿ, ಜಗತ್ತಿನ ಸಹಪ್ರಜೆಯಾಗಿ ಬಂದಿದ್ದೇನೆ ಎಂದಾಗ, ಗುಂಪು ಆ ಸುಳ್ಳನ್ನು ಸುಳ್ಳೆಂದು ತಿಳಿದೇ ಸಂತೋಷದಿಂದ ಸ್ವೀಕರಿಸಿತು. ಆಮೇಲೆ ಅವರು 1948ರ ಕಥೆಗೆ ಬಂದರು: ಸೋವಿಯತ್ ಪಡೆ ಪಶ್ಚಿಮ ಬರ್ಲಿನ್ನಿನ ದಾರಿಗಳನ್ನೆಲ್ಲ ಮುಚ್ಚಿದಾಗ ವಿಮಾನಗಳಲ್ಲಿ ಹಿಟ್ಟು, ಕಲ್ಲಿದ್ದಲು ತಂದಿಳಿಸಿದ್ದು, ಮೇಯರ್ ಅರ್ನ್ಸ್ಟ್ ರಾಯ್ಟರ್ ಜಗತ್ತಿಗೆ ಈ ನಗರವನ್ನು ನೋಡಿ ಎಂದು ಕೂಗಿ ಹೇಳಿದ್ದು. ನಮ್ಮ ಪ್ರಯೋಗಾಲಯದ ಕಿಟಕಿಯಿಂದ ಕಾಣುವ ವೃತ್ತಕ್ಕೆ ಆ ರಾಯ್ಟರ್ ಹೆಸರೇ ಇದೆ. ದಿನಾ ಅದನ್ನು ದಾಟುತ್ತಿದ್ದ ನನಗೆ ಆತನ ಕಥೆ ಷಿಕಾಗೊದಿಂದ ಬಂದವರೊಬ್ಬರ ಬಾಯಿಂದ ತಿಳಿಯಬೇಕಾಯಿತು.

ಚಪ್ಪಾಳೆ ಎಲ್ಲೆಲ್ಲಿ ಬಿತ್ತು ಎಂಬುದನ್ನು ನಾನು ಗಮನಿಸುತ್ತಿದ್ದೆ. ಇರಾಕ್ ಯುದ್ಧವನ್ನು ಮುಗಿಸುವ ಮಾತಿಗೆ ಜೋರಾಗಿ, ಅಣ್ವಸ್ತ್ರಗಳಿಲ್ಲದ ಜಗತ್ತಿಗೆ ಇನ್ನೂ ಜೋರಾಗಿ, ಹವಾಮಾನದ ಮಾತಿಗೂ ಹಾಗೆಯೇ. ನಡುವೆ ಅವರು ಅಫ್ಘಾನಿಸ್ತಾನದ ಪ್ರಸ್ತಾಪ ಮಾಡಿ, ಅಲ್ಲಿಯ ಜನರಿಗೆ ನಮ್ಮ ಸೈನಿಕರೂ ಬೇಕು, ನಿಮ್ಮ ಸೈನಿಕರೂ ಬೇಕು ಎಂದರು. ನಮ್ಮ ಸುತ್ತ ಸದ್ದು ಇಳಿದುಹೋಯಿತು. ಗೆಳೆಯ ಕೈಕಟ್ಟಿಕೊಂಡ. ನನಗೆ ಮಾತ್ರ ಆ ಜುಲೈ 7ರಂದು ಕಾಬೂಲಿನ ಭಾರತೀಯ ರಾಯಭಾರ ಕಚೇರಿಯ ಬಾಗಿಲಲ್ಲಿ ಸಿಡಿದ ಬಾಂಬು, ಅದರಲ್ಲಿ ಸತ್ತ ಐವತ್ತಕ್ಕೂ ಹೆಚ್ಚು ಜನ, ಅವರಲ್ಲಿದ್ದ ನಮ್ಮ ಬ್ರಿಗೇಡಿಯರ್ ಮತ್ತು ರಾಜತಾಂತ್ರಿಕ ಅಧಿಕಾರಿ, ಎಲ್ಲ ಒಟ್ಟಿಗೆ ನೆನಪಾಗಿ, ಚಪ್ಪಾಳೆಗೆಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು. ನನ್ನ ಮನೆಯ ಹುಡುಗರಾರೂ ಜರ್ಮನ್ ಸೈನ್ಯ ಬೀಡುಬಿಟ್ಟಿದ್ದ ಅಫ್ಘಾನಿಸ್ತಾನದ ಕುಂದೂಜಿಗೆ ಹೋಗಬೇಕಾಗಿರಲಿಲ್ಲ. ಗೆಳೆಯನ ಚಿಕ್ಕಪ್ಪನ ಮಗ ಜರ್ಮನ್ ಸೈನ್ಯದಲ್ಲಿದ್ದ.

ಇಪ್ಪತ್ತೈದು ನಿಮಿಷಗಳ ಸುಮಾರಿಗೆ ಭಾಷಣ ಮುಗಿಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರೆಂದು ಪೊಲೀಸರು ಅಂದಾಜು ಕೊಟ್ಟರು. ಇಷ್ಟೇನಾ ಎಂದು ಕೆಲವರು ಗೊಣಗುತ್ತ ಮತ್ತೆ ಬಿಯರಿನ ಕಡೆ ತಿರುಗಿದ್ದನ್ನೂ ನಾನು ಕಂಡೆ.

ರಾತ್ರಿ ಮನೆಗೆ ಬಂದಾಗ ನನ್ನ ಮನೆಯೊಡತಿ ಟಿ.ವಿ. ಮುಂದೆಯೇ ಕುಳಿತಿದ್ದರು. ಅರವತ್ತೆಂಟು ವರ್ಷದ ಆಕೆ ಆ 1948ರಲ್ಲಿ ವಿಮಾನಗಳನ್ನು ಎಣಿಸುತ್ತ ನಿಂತಿದ್ದ ಮಕ್ಕಳಲ್ಲೊಬ್ಬರು; 1963ರಲ್ಲಿ ಷೋನೆಬರ್ಗಿನ ಪುರಭವನದ ಮುಂದೆ ಕೆನಡಿಯವರ ಭಾಷಣವನ್ನೂ ಕೇಳಿದವರು. ಹೇಗನ್ನಿಸಿತು ಎಂದು ಕೇಳಿದೆ. "ಚೆನ್ನಾಗಿ ಮಾತನಾಡುತ್ತಾರೆ. ಆದರೆ ಕೆನಡಿ ಬಂದಾಗ ನಮಗೆ ಭಯವಿತ್ತು, ಅವರ ಕೈಯಲ್ಲಿ ಸೈನ್ಯವಿತ್ತು. ಇವರ ಕೈಯಲ್ಲಿ ಇನ್ನೂ ಏನೂ ಇಲ್ಲ, ನಮಗೂ ಭಯವಿಲ್ಲ. ಅದಕ್ಕೇ ಇಷ್ಟು ಹಬ್ಬ" ಎಂದು ಹೇಳಿ, ನನಗೆ ತೆಗೆದಿಟ್ಟಿದ್ದ ಆಲೂಗಡ್ಡೆ ಪಲ್ಯವನ್ನು ಬಿಸಿ ಮಾಡಲು ಎದ್ದರು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಮೇಜಿನ ಮೇಲೆಲ್ಲ ಪತ್ರಿಕೆಗಳು ಹರಡಿದ್ದವು. ಒಬ್ಬರಿಗೆ ಭಾಷಣ ಮೆಚ್ಚುಗೆಯಾಗಿತ್ತು, ಇನ್ನೊಬ್ಬರಿಗೆ ಪೊಳ್ಳೆನಿಸಿತ್ತು. ಜರ್ಮನಿಯಲ್ಲಿದ್ದೂ ಗಾಯಾಳು ಅಮೆರಿಕನ್ ಸೈನಿಕರ ಆಸ್ಪತ್ರೆಯ ಭೇಟಿಯನ್ನು ಅವರು ಕೈಬಿಟ್ಟದ್ದರ ಬಗ್ಗೆ ಮೂರನೆಯವರು ವಾದಕ್ಕಿಳಿದಿದ್ದರು. ನಾವು ಬರ್ಲಿನ್ನಿನಲ್ಲಿ ಕಾಯುತ್ತಿದ್ದ ದಿನವೇ ಮೆಕೇನ್ ಒಹಾಯೊದ ಕೊಲಂಬಸ್ಸಿನಲ್ಲಿ ಒಂದು ಜರ್ಮನ್ ಹೋಟೆಲಿಗೆ ಹೋಗಿ ಸಾಸೇಜು ತಿಂದದ್ದಕ್ಕೆ ಎಲ್ಲರೂ ನಕ್ಕರು. ಹತ್ತೂವರೆಯ ಹೊತ್ತಿಗೆ ನನಗೆ ಫೋನು ಬಂತು, ಬೆಂಗಳೂರಿನ ಗೆಳೆಯನದು. ಮಡಿವಾಳ, ಆಡುಗೋಡಿ, ನಾಯಂಡಹಳ್ಳಿ ಎಂದು ಅವನು ಹೆಸರುಗಳನ್ನು ಹೇಳುತ್ತ ಹೋದ; ಒಂದರ ಹಿಂದೊಂದು ಬಾಂಬು ಸಿಡಿದಿದ್ದವು. ಆಡುಗೋಡಿಯ ಹತ್ತಿರವೇ ಅಕ್ಕನ ಆಫೀಸು. ಮುಕ್ಕಾಲು ಗಂಟೆ ಅವಳ ನಂಬರು ಸಿಗಲಿಲ್ಲ, ಭಾವನದೂ ಸಿಗಲಿಲ್ಲ. ಕಾರಿಡಾರಿನಲ್ಲಿ ನಿಂತು ಮತ್ತೆ ಮತ್ತೆ ಒತ್ತುತ್ತಿದ್ದಾಗ, ಒಳಗಿನ ಚರ್ಚೆ ಬಾಗಿಲ ಸಂದಿಯಿಂದ ಕೇಳುತ್ತಲೇ ಇತ್ತು. ಕೊನೆಗೆ ಅಕ್ಕನೇ ಮಾಡಿದಳು: "ನಂಗೇನೂ ಆಗಿಲ್ಲ ಕಣೋ, ಅಪ್ಪಂಗೆ ನೀನೇ ಹೇಳ್ಬಿಡು, ಲೈನ್ ಸಿಗ್ತಾ ಇಲ್ಲ." ಮಡಿವಾಳದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ಮಹಿಳೆಯೊಬ್ಬರು ಸತ್ತ ವಿಷಯ ಆಮೇಲೆ ತಿಳಿಯಿತು. ಅದರ ಮಾರನೆಯ ದಿನ ಅಹಮದಾಬಾದಿನಲ್ಲಿ ಸತ್ತವರು ಐವತ್ತಕ್ಕೂ ಹೆಚ್ಚು.

ಒಳಗೆ ಹೋಗಿ ವಿಷಯ ಹೇಳಿದಾಗ ಎಲ್ಲರೂ ಎದ್ದು ನಿಂತರು, ಒಬ್ಬರು ಚಹಾ ತಂದುಕೊಟ್ಟರು, ಹತ್ತು ನಿಮಿಷ ಬೆಂಗಳೂರಿನ ಬಗ್ಗೆ ಕೇಳಿದರು, ಆಮೇಲೆ ಮಾತು ನಿಧಾನವಾಗಿ ಸ್ತಂಭದ ಕಡೆಗೇ ಹೊರಳಿತು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹಿಂದಿನ ಸಂಜೆ ನಾನೂ ಅಷ್ಟೇ ಹಗುರಾಗಿ ಇನ್ನೊಬ್ಬರ ದೇಶದ ಯುದ್ಧಕ್ಕೆ ಕೈಯೆತ್ತಲು ಹೊರಟಿದ್ದೆನಲ್ಲ.

ಜುಲೈ 30ರಂದು ಗೆಳೆಯ ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ಒಂದು ಜಾಹೀರಾತು ತೋರಿಸಿದ. ಮೆಕೇನ್ ಪ್ರಚಾರದವರು ಮಾಡಿದ್ದು: ಒಬಾಮ, ಒಬಾಮ ಎಂದು ಕೂಗುವ ಬರ್ಲಿನ್ನಿನ ಗುಂಪು, ನಡುವೆ ಬ್ರಿಟ್ನಿ ಸ್ಪಿಯರ್ಸ್, ಪ್ಯಾರಿಸ್ ಹಿಲ್ಟನ್ ಮುಖಗಳು, ಇವರು ಜಗತ್ತಿನ ಅತಿ ದೊಡ್ಡ ತಾರೆ, ಆದರೆ ದೇಶ ನಡೆಸಲು ತಯಾರಿದ್ದಾರೆಯೇ ಎಂಬ ಪ್ರಶ್ನೆ. ಅವರನ್ನು ಬೆಂಬಲಿಸಲು ಹೋದ ನಮ್ಮ ಜೈಕಾರವನ್ನೇ ಕತ್ತರಿಸಿ ಅವರ ಮೇಲೆ ಎಸೆಯಲಾಗಿತ್ತು. ಅರ್ಧ ನಿಮಿಷದ ಆ ಚಿತ್ರವನ್ನು ನಾವಿಬ್ಬರೂ ಮಾತಿಲ್ಲದೆ ಎಷ್ಟೋ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಬಾವುಟಗಳು ಸಿಕ್ಕವು, ಮರಗಳ ಸಾಲು ಸಿಕ್ಕಿತು. ನಾವು ಒರಗಿ ನಿಂತಿದ್ದ ದೀಪದ ಕಂಬ ಮಾತ್ರ ಚೌಕಟ್ಟಿನ ಹೊರಗೇ ಉಳಿದಿತ್ತು.