ಎಲ್ಲಮ್ಮನ ಗುಡ್ಡದಿಂದ ಕೂಡಲಸಂಗಮಕ್ಕೆ, ಮಲಪ್ರಭೆಯ ದಂಡೆಗುಂಟ

ಸವದತ್ತಿಯಿಂದ ಕೂಡಲಸಂಗಮಕ್ಕೆ ಹೆದ್ದಾರಿ ಹಿಡಿದು ಹೊರಟರೆ ಮಲಪ್ರಭೆ ಕಣ್ಣಿಗೆ ಬೀಳುವುದೇ ಅಪರೂಪ. ನಮಗೆ ಬೇಕಿದ್ದದ್ದು ಹೊಳೆ. ಹಾಗಾಗಿ ರಾಮದುರ್ಗ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಅಂತ ಸುತ್ತು ಹಾಕಿಕೊಂಡೇ ಹೋದೆವು. ಕಾರು ಕಾಕಾನದು, ಓಡಿಸಿದ್ದೂ ಅವರೇ. ನಾನು, ಕಾಕು ಹಿಂದಿನ ಸೀಟಿನಲ್ಲಿ ಚುರುಮುರಿ ಪೊಟ್ಟಣದ ಜೊತೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಯನ್ನು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಗುಡ್ಡಗಳ ಸಂದಿಗೆ ಅಣೆಕಟ್ಟು ಕಟ್ಟಿ ನಿಲ್ಲಿಸಿದ್ದಾರೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗೂ ಇಲ್ಲಿಂದ ನೀರು ಹೋಗುತ್ತದೆ. ಜಲಾಶಯಕ್ಕೆ ರೇಣುಕಾಸಾಗರ ಅಂತ ಹೆಸರು. ಗುಡ್ಡದ ಮೇಲಿನ ಎಲ್ಲಮ್ಮನೇ ಆ ರೇಣುಕೆ, ಪರಶುರಾಮನ ತಾಯಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋದರೆ ದರ್ಶನ ಸಲೀಸು. ಹಣೆ ತುಂಬ ಭಂಡಾರ ಹಚ್ಚಿಕೊಂಡು ಬಂದ ಕಾಕಾ, ‘ತಾಯಿ ದರ್ಶನ ಆತು. ಇನ್ನ ಮಗನ ಕೊಡ್ಲಿ ನೋಡೂಣು ನಡೀರಿ’ ಅಂದರು. ಮಗನ ಕೊಡಲಿ ಇರುವುದು ಐಹೊಳೆಯಲ್ಲಿ, ಇದೇ ಹೊಳೆಯ ಕೆಳಗೆ.

ರಾಮದುರ್ಗ ದಾಟಿದೆವು. ಸುರೇಬಾನದ ಶಬರಿಕೊಳ್ಳಕ್ಕೆ ಇಳಿಯಲಿಲ್ಲ. ಬಾದಾಮಿ ಕಡೆ ತಿರುಗಿದ ಮೇಲೆ ಹೊಳೆಯ ದಂಡೆಯಲ್ಲೇ ಶಿವಯೋಗಮಂದಿರ ಸಿಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಕಟ್ಟಿದ್ದು. ಕಾಕು ಅಲ್ಲಿ ವಿಭೂತಿ ಗಟ್ಟಿ ಕೊಂಡರು.

ಬನಶಂಕರಿಗೆ ಬಾದಾಮಿಯಿಂದ 5 ಕಿ.ಮೀ. ದೇವಿಗೆ ಎಷ್ಟೋ, ಗುಡಿ ಹೊರಗಿನ ಬುಟ್ಟಿ ಊಟಕ್ಕೂ ನಾನು ಅಷ್ಟೇ ಭಕ್ತ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿ ತರುವ ಖಡಕ್ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಮರದ ನೆರಳಲ್ಲಿ ಕೂತರೆ ಮುಗಿಯಿತು. ‘ಇನ್ನೊಂದ್ ರೊಟ್ಟಿ ಹಾಕ್ತೀನ್ರಿ ಅಣ್ಣಾರ, ಇಷ್ಟ ಉಂಡ್ರ ಹೆಂಗ?’ ಅಂತ ಬಡಿಸಿದಾಕೆ ಕಾಕಾನನ್ನು ಬಿಡಲೇ ಇಲ್ಲ. ಊರು ಯಾವುದು ಅಂತ ಕಾಕು ಕೇಳಿದರು. ‘ಹಳೇ ಊರೋ ಹೊಸಾ ಊರೋ, ಯಾವ್ದು ಹೇಳ್ಲಿ ಯಕ್ಕಾ?’ ಅಂದಳು.

ಆ ಮಾತು ಅರ್ಥವಾಗಬೇಕಾದರೆ ಪಟ್ಟದಕಲ್ಲಿನತ್ತ ಕಾರು ನಿಧಾನ ಓಡಿಸಬೇಕು. 2009ರ ನೆರೆಯ ನಂತರ ಮಲಪ್ರಭೆಯ ದಂಡೆಯ ಎಷ್ಟೋ ಹಳ್ಳಿಗಳಿಗೆ ಎತ್ತರದ ಜಾಗದಲ್ಲಿ ‘ಆಸರೆ’ ಮನೆ ಕಟ್ಟಿಕೊಟ್ಟರು. ಕೆಲವರು ಹೋದರು. ಕೆಲವರು ಹೊಲ, ದನ ಬಿಟ್ಟು ದೂರ ಇರಲಾರದೆ ಹಳೇ ಊರಲ್ಲೇ ಉಳಿದರು. ದಾರಿಯಲ್ಲಿ ನಾವು ಕಂಡ ಒಂದು ಸಾಲಿನಲ್ಲಿ ಅರ್ಧ ಮನೆಗಳಿಗೆ ಬೀಗ, ಅಂಗಳದಲ್ಲಿ ಜಾಲಿ. ಉಳಿದ ಅರ್ಧದಲ್ಲಿ ಹಪ್ಪಳ ಒಣಗುತ್ತಿತ್ತು. ಅತ್ತ ಹೊಳೆಯ ಅಂಚಿನವರೆಗೂ ಕಬ್ಬು. ನೀರು ಹೋಗಬೇಕಾದ ಜಾಗದಲ್ಲೇ ಕಬ್ಬು ನಿಂತರೆ ನೀರು ಊರಿಗೆ ಬರದೆ ಎಲ್ಲಿಗೆ ಹೋಗಬೇಕು?

ಪಟ್ಟದಕಲ್ಲಿಗೆ ಬಾದಾಮಿಯಿಂದ 22 ಕಿ.ಮೀ. ಇಲ್ಲಿ ಹೊಳೆ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿ ಅಂದರೆ ಪುಣ್ಯ ಜಾಸ್ತಿ, ಅದಕ್ಕೇ ಚಾಲುಕ್ಯರಿಗೆ ಈ ದಂಡೆ ಅಷ್ಟು ಮೆಚ್ಚು. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ಗುಡಿ. ಪಕ್ಕದ ಮಲ್ಲಿಕಾರ್ಜುನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಕಂಚಿ ಗೆದ್ದವನು ಅಲ್ಲಿಯ ಕೈಲಾಸನಾಥನ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟು, ಹಾಗಂತ ಆ ಗುಡಿಯಲ್ಲೇ ಕನ್ನಡದಲ್ಲಿ ಬರೆಸಿ ಬಂದ. ಗೆದ್ದ ಊರಿನಿಂದ ಅವನು ತಂದಿದ್ದು ಗುಡಿ ಕಟ್ಟುವ ಆಸೆ ಅಂತ ನನಗನ್ನಿಸುತ್ತದೆ. ವಿರೂಪಾಕ್ಷನಿಗೆ ಈಗಲೂ ಪೂಜೆ ಇದೆ. ಕಪ್ಪು ಕಲ್ಲಿನ ನಂದಿಯ ಹಿಂದೆ ಬಾಗಿಲು, ಬಾಗಿಲಾಚೆ ಹೊಳೆ. 2019ರ ಆಗಸ್ಟಿನಲ್ಲಿ ಅದೇ ಹೊಳೆ ಗುಡಿಗಳ ಅಂಗಳಕ್ಕೆ ನುಗ್ಗಿತ್ತು. ನೀರು ಇಳಿದ ಮೇಲೆ ಕೆಸರು ತೊಳೆದರು, ಪೂಜೆ ಮುಂದುವರಿಯಿತು. ಮಣ್ಣಿನ ಗೋಡೆಯ ಮನೆಗಳಿಗೆ ಆ ಅದೃಷ್ಟ ಇಲ್ಲ.

ಐಹೊಳೆಯಲ್ಲಿ ಗುಡಿ ಮತ್ತು ಊರು ಒಂದರೊಳಗೊಂದು. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ವಾಸವಿದ್ದವನಿಂದ. ಟಿಕೆಟ್ ಕೊಟ್ಟು ನೋಡುವ ಗುಡಿಗಳ ಆಚೆಗೂ ಒಂದು ಸುತ್ತು ಹಾಕಿ. ಮನೆ ಗೋಡೆಗೆ ಒತ್ತಿಕೊಂಡೇ ಚಾಲುಕ್ಯರ ಕಾಲದ ಕಲ್ಲುಗಳಿವೆ. ಮೇಗುತಿ ಗುಡ್ಡ ಹತ್ತಿ ಇಮ್ಮಡಿ ಪುಲಿಕೇಶಿಯ ಆಸ್ಥಾನಕವಿ ರವಿಕೀರ್ತಿಯ 634ರ ಶಾಸನ ನೋಡಿಕೊಂಡು ಇಳಿದೆ. ಕಾಕಾಗೆ ಮಾತ್ರ ಕೊಡಲಿಯದೇ ಧ್ಯಾನ. ಹೊಳೆ ಹತ್ತಿರ ಕೊಡಲಿ ಆಕಾರದ ಬಂಡೆ ಇದೆ. ಪರಶುರಾಮ ರಕ್ತದ ಕೊಡಲಿ ತೊಳೆದಾಗ ನೀರು ಕೆಂಪಾಯಿತಂತೆ. ‘ತಾಯೀನ ಕಡದ ಮಗಾ, ಅಕೀ ಗುಡ್ಡದ ಕೆಳಗಿನ ಹೊಳ್ಯಾಗ ಕೊಡ್ಲಿ ತೊಳದಾನ’ ಅಂದರು ಕಾಕಾ. ಕೊಡಲಿ ತೊಳೆದದ್ದು ಕ್ಷತ್ರಿಯರನ್ನು ಕೊಂದ ಮೇಲೆ ಅಂತ ಕಾಕು ತಿದ್ದಿದರು. ಅಮೀನಗಡದಲ್ಲಿ ಕರದಂಟು ಕೊಳ್ಳುವವರೆಗೂ ಈ ಜಗಳ ನಡೆಯಿತು.

ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿವರೆಗೂ ನಿಲ್ಲುವುದರಿಂದ ಬಸವಣ್ಣನವರ ಐಕ್ಯಮಂಟಪಕ್ಕೆ ಸುತ್ತ ಬಾವಿಯ ಹಾಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಹೊರಗೆ ನೀರು, ನೀವು ಮೆಟ್ಟಿಲಿಳಿದು ಒಳಗೆ ಹೋಗಬೇಕು. ಒಂದು ಮಂಟಪ ಉಳಿಸಲು ಇಷ್ಟೆಲ್ಲ ಮಾಡಿದ್ದು ಸರಿಯೇ. ಆದರೂ ಬೀಗ ಹಾಕಿದ ಆ ಆಸರೆ ಮನೆಗಳು ತಲೆಯಿಂದ ಹೋಗಲಿಲ್ಲ.

ನೀವು ಹೋಗುವುದಾದರೆ ದಸರೆ ಆದ ಮೇಲೆ ಹೋಗಿ. ಬಾದಾಮಿಯಲ್ಲಿ ಒಂದು ರಾತ್ರಿ ಇಟ್ಟುಕೊಳ್ಳಿ. ಕಬ್ಬು ಕಡಿಯುವ ಹಂಗಾಮಿದ್ದರೆ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿಗೆ ಹಾಡು ಜೋರು, ಹಿಂದಿನ ದೀಪ ಮಾತ್ರ ಇರುವುದಿಲ್ಲ.