ಅಡೆತಡೆ ಓಟದ ತಯಾರಿ: ಕಾಲಿಗಿಂತ ಮುಂಗೈಯದೇ ಚಿಂತೆ

ಶುರುವಿನ ದಿನಗಳು

ಕೊನೆಗೂ ಹೆಸರು ಕೊಟ್ಟೆ. ಸಣ್ಣ ರೇಸ್, 5 ಕಿಲೋಮೀಟರ್. ನಡುನಡುವೆ ಗೋಡೆ, ಕೆಸರಿನಲ್ಲಿ ತೆವಳುವುದು, ಮರಳಿನ ಚೀಲ ಹೊರುವುದು, ಹಗ್ಗ ಹತ್ತುವುದು, ಮಂಕಿ ಬಾರ್ (ತಲೆಯ ಮೇಲಿನ ಅಡ್ಡಕಂಬಿಗಳನ್ನು ಒಂದೊಂದಾಗಿ ಹಿಡಿದು ದಾಟುವುದು), ಹಾಗೆಯೇ ಹಿಡಿದು ದಾಟಬೇಕಾದ ನೇತಾಡುವ ಬಳೆಗಳು. ಇಂಗ್ಲೆಂಡಿನಲ್ಲಿ 1987ರಲ್ಲಿ ಶುರುವಾದ ಟಫ್ ಗೈ ಈ ಬಗೆಯ ಓಟಗಳ ಹಿರಿಯಣ್ಣ. 2010ರಲ್ಲಿ ಸ್ಪಾರ್ಟನ್ ರೇಸ್, ಟಫ್ ಮಡ್ಡರ್ ಎರಡೂ ಹುಟ್ಟಿಕೊಂಡ ಮೇಲೆ ಇದು ಜಗತ್ತಿಗೆಲ್ಲ ಹಬ್ಬಿತು. ಸಣ್ಣ ರೇಸ್‌ಗಳೂ ಹೆಚ್ಚುಕಡಿಮೆ ಅದೇ ಅಚ್ಚಿನವು.

"ದೊಡ್ಡವರಿಗೆ ಇದೇನು ಮಕ್ಕಳಾಟ?" ಎಂದು ನಕ್ಕವರಿದ್ದಾರೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಐದು ಆಟಗಳ ಸ್ಪರ್ಧೆಯಾದ ಮಾಡರ್ನ್ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿ ಹೋಗಿ ಆ ಜಾಗಕ್ಕೆ ಅಡೆತಡೆ ಓಟವೇ ಬರುತ್ತಿದೆ ಎಂದು ಹೇಳಿ ಸುಮ್ಮನಾದೆ.

ಕೆಲವು ವಾರ ಕಳೆದ ಮೇಲೆ

ಓಟದ ಬಗ್ಗೆ ಬರೆಯುವಂಥದ್ದೇನಿಲ್ಲ. 5 ಕಿಲೋಮೀಟರ್ ಓಡಬಲ್ಲವರಿಗೆ ಇಲ್ಲಿ ಕಾಲು ಕೈಕೊಡುವುದಿಲ್ಲ. ಕೈಕೊಡುವುದು ಕೈಯೇ.

ಬಾರ್ ಹಿಡಿದು ಸುಮ್ಮನೆ ನೇತಾಡುವ ಅಭ್ಯಾಸದಲ್ಲಿ ಇದು ಬೇಗ ತಿಳಿಯಿತು. ಬೆನ್ನು, ಭುಜ ಇನ್ನೂ ಗಟ್ಟಿಯಾಗಿಯೇ ಇರುತ್ತವೆ, ಆದರೆ ಮುಂಗೈ ಉರಿಯತೊಡಗಿ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿ ಹಿಡಿದಾಗ ಮುಂಗೈಯ ಸ್ನಾಯುಗಳು ತಮ್ಮದೇ ರಕ್ತನಾಳಗಳನ್ನು ಒತ್ತಿಬಿಡುತ್ತವೆ, ರಕ್ತದ ಓಡಾಟ ಕುಗ್ಗುತ್ತದೆ. ಹಾಗಾಗಿ ಎಷ್ಟು ಹೊತ್ತು ಹಿಡಿಯಬಲ್ಲೆ ಎನ್ನುವುದರಷ್ಟೇ, ಒಂದು ಕೈಯನ್ನು ಎಷ್ಟು ಬೇಗ ಸಡಿಲಿಸಿ ಕೊಡವಿಕೊಳ್ಳಬಲ್ಲೆ ಎನ್ನುವುದೂ ಮುಖ್ಯ. ಮಂಕಿ ಬಾರ್‌ನಲ್ಲಿ ನಿಧಾನವಾಗಿ ಜಾಗರೂಕತೆಯಿಂದ ಹೋಗುವವರು ಬೀಳುತ್ತಾರೆ. ಸೊಂಟ ತೂಗಿ, ಆ ತೂಗಿನ ಬಲದಲ್ಲೇ ಮುಂದಿನ ಕಂಬಿಗೆ ಕೈ ಹಾಕುವವರು ದಾಟುತ್ತಾರೆ.

ಅಭ್ಯಾಸದ ಕ್ರಮವನ್ನೇ ಬದಲಿಸಿದ್ದೇನೆ. ಮೊದಲು ಏದುಸಿರು ಬರುವಷ್ಟು ಓಟ, ಕೂಡಲೇ ಬಾರ್. ಆಮೇಲೆ ಎರಡೂ ಕೈಯಲ್ಲಿ ಭಾರ ಹಿಡಿದು ನಡಿಗೆ, ಮತ್ತೆ ಬಾರ್. ದಣಿಯದ ಕೈಯಲ್ಲಿ ಹೊಡೆದ ಪುಲ್‌ಅಪ್ ಎಣಿಕೆಗೆ ಚೆನ್ನ, ರೇಸ್‌ನಲ್ಲಿ ಅದಕ್ಕೆ ಬೆಲೆ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಜಿಮ್‌ನವರು ಒಪ್ಪಲಿಕ್ಕಿಲ್ಲ.

ಹಗ್ಗ

ಇದಕ್ಕೆ ಒಂದು ಪೂರ್ತಿ ಟಿಪ್ಪಣಿಯೇ ಬೇಕು. ತೋಳಿನ ಬಲದಿಂದ ಹಗ್ಗ ಹತ್ತುವುದು ನೋಡಲು ಚೆಂದ, ಆದರೆ ದುಂದು. ಕೆಲಸ ಮಾಡಬೇಕಾದ್ದು ಪಾದ. ಹಗ್ಗ ಬಲಗಾಲಿನ ಹೊರಮಗ್ಗುಲಿಂದ ಇಳಿದು ಬಲಪಾದದ ಅಡಿಯಲ್ಲಿ ಹಾಯಬೇಕು. ಎಡಪಾದದಿಂದ ಅದನ್ನು ಎತ್ತಿ ಬಲಪಾದದ ಮೇಲಕ್ಕೆ ತಂದು, ಅಲ್ಲೇ ಮೆಟ್ಟಿ ಹಿಡಿಯಬೇಕು. ಸರಿಯಾಗಿ ಕೂತರೆ ಹಗ್ಗದ ಮೇಲೆ ಎದ್ದು ನಿಲ್ಲಬಹುದು, ಕೈಗೆ ಬಿಡುವೂ ಸಿಗುತ್ತದೆ. ಮಂಡಿ ಎದೆಯತ್ತ ಎಳೆದುಕೊಂಡು ಮತ್ತೆ ಮೆಟ್ಟಿ, ಮತ್ತೆ ಎದ್ದು ನಿಲ್ಲುವುದು. ಇಳಿಯುವಾಗ ಜಾರಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಜಾರಿದರೆ ಅಂಗೈ ಸುಲಿಯುತ್ತದೆ, ಉಳಿದ ಬಾರ್‌ಗಳ ಕಥೆ ಅಲ್ಲಿಗೇ ಮುಗಿಯಿತು. ಒಂದು ಕೈಯ ಕೆಳಗೆ ಇನ್ನೊಂದು ಕೈ ಇಡುತ್ತ ಇಳಿಯುವುದೇ ಕ್ಷೇಮ.

ಅಂಗೈಯಲ್ಲಿ ಜಡ್ಡು ಕಟ್ಟಿದೆ. ಉಬ್ಬಿದ ಜಡ್ಡು ಕಂಬಿಗೆ ಸಿಕ್ಕಿ ಕಿತ್ತುಬರುವುದರಿಂದ ಸ್ನಾನವಾದ ಮೇಲೆ ಉಜ್ಜಿ ಮಟ್ಟ ಮಾಡಿಕೊಳ್ಳುತ್ತಿದ್ದೇನೆ.

ರೇಸ್ ದಿನ

ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಗಂಟಿ ಭಾರವಾಗುತ್ತದೆ. ತಳದಲ್ಲಿ ಆಳವಾದ ಗೀರುಗಳಿರುವ, ನೀರು ಬೇಗ ಬಸಿದುಹೋಗುವ ಬೂಟು ಹಾಕಿಕೊಂಡೆ.

ನಮ್ಮನ್ನು ಗುಂಪುಗುಂಪಾಗಿ ಬಿಟ್ಟರು. ಮೊದಲ ಗೋಡೆಯ ಹತ್ತಿರವೇ ಸಾಲು ನಿಂತಿತ್ತು. ಸಣ್ಣ ರೇಸ್‌ಗಳಲ್ಲಿ ಇದೊಂದು ಕಿರಿಕಿರಿ, ಆದರೆ ಉಸಿರು ಸುಧಾರಿಸಿಕೊಳ್ಳಲು ಪುಕ್ಕಟೆ ಸಮಯ. ಗೋಡೆಗೆ ಒಂದು ಹಿಮ್ಮಡಿ ಸಿಕ್ಕಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು "ಕಾಲಿಡಿ, ಪರವಾಗಿಲ್ಲ" ಎಂದು ಮಂಡಿಯೂರಿ ತೊಡೆ ಕೊಟ್ಟರು. ಆಚೆ ಇಳಿಯುವ ಮುಂಚೆ ಗೋಡೆಯ ಮೇಲಿಂದ ನಾನು ಅವರಿಗೆ ಕೈ ಕೊಟ್ಟೆ. ಗಡಿಯಾರದ ಜೊತೆ ಸೆಣಸುವ ಬೇರೆ ಓಟಗಳಲ್ಲಿ ಇಂಥದ್ದು ಅಪರೂಪ.

ಮರಳಿನ ಚೀಲವನ್ನು ಒಂದೇ ಹೆಗಲಿಗೆ ಹಾಕದೆ ಕತ್ತಿನ ಹಿಂದೆ ಅಡ್ಡಲಾಗಿ ಹೊತ್ತೆ. ಕೈ ಉಳಿಯಿತು.

ಕೆಸರಿನ ಹೊಂಡ ದಾಟಿದ ಕೂಡಲೇ ಮಂಕಿ ಬಾರ್! ಓಟದ ದಾರಿ ಹಾಕಿದವರು ಬೇಕೆಂದೇ ಹಾಗಿಟ್ಟದ್ದು. ಮುಂದೆ ಹೋದವರ ಕೈಕೆಸರೆಲ್ಲ ಕಂಬಿಯ ಮೇಲಿತ್ತು. ಸೊಂಟದ ಪಟ್ಟಿಯ ಒಳಗೆ ಮಡಚಿಟ್ಟ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಹೊರಟೆ, ತೂಗುತ್ತ ದಾಟಿದೆ. ಹಗ್ಗದ ತುದಿಯ ಗಂಟೆಯನ್ನೂ ಬಾರಿಸಿದೆ. ಕೊನೆಯ ಬಳೆಗಳು ಮಾತ್ರ ದಕ್ಕಲಿಲ್ಲ. ಬಳೆ ತಾನೂ ತೂಗುತ್ತದೆ, ಕಂಬಿಯಂತೆ ಕಾದು ನಿಲ್ಲುವುದಿಲ್ಲ. ಹಿಂದಿನ ಬಳೆ ಬಿಡುವ ಮುಂಚೆ ಮುಂದಿನದನ್ನು ನನ್ನತ್ತ ಎಳೆದುಕೊಳ್ಳಬೇಕು, ಅಷ್ಟು ಹೊತ್ತಿಗೆ ಮುಂಗೈಯಲ್ಲಿ ಏನೂ ಉಳಿದಿರಲಿಲ್ಲ. ದಾಟಲಾಗದ್ದಕ್ಕೆ ದಂಡವಾಗಿ ಬಿದ್ದ ಬರ್ಪಿಗಳನ್ನು (ನೆಲಕ್ಕೆ ಮಲಗಿ ಎದ್ದು ಜಿಗಿಯುವ ಕಸರತ್ತು) ಮುಗಿಸಿ, ನಡುನಡುವೆ ನಡೆದು ಗೆರೆ ದಾಟಿದೆ.

ಮುಂದಿನದು

ಬಳೆಗಳನ್ನು ಮನೆಯಲ್ಲೇ ತೂಗುಹಾಕುವ ಯೋಚನೆಯಿದೆ. ಮೊದಲು ತೊಲೆ ನನ್ನ ತೂಕವನ್ನೂ ಎಳೆತವನ್ನೂ ತಾಳುತ್ತದೆಯೇ ನೋಡಬೇಕು. ಈ ವಾರವೆಲ್ಲ ಬಾರ್‌ಗೆ ರಜೆ, ಬೆರಳಿನ ಸ್ನಾಯುರಜ್ಜುಗಳು ಮಾಂಸಖಂಡದಷ್ಟು ಬೇಗ ಚೇತರಿಸಿಕೊಳ್ಳುವುದಿಲ್ಲ. ಆಮೇಲೆ ಓಟ ಮುಗಿದ ಕೂಡಲೇ ಕೈ ಒದ್ದೆ ಮಾಡಿಕೊಂಡು ಬಳೆಗೆ ಜೋತುಬೀಳುವುದು.